ಬರುವ ಪೈಪು, ಹೋಗುವ ಪೈಪು

ನಮ್ಮ ಮನೆಯವರ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಮೊದಮೊದಲು ನಾನು ‘ಪೈಪಿನ ಕೆಲಸ’ ಎಂದುಬಿಡುತ್ತಿದ್ದೆ. ಕೇಳಿದವರು ತಕ್ಷಣ ತಮ್ಮ ಮನೆಯ ಸೋರುವ ನಲ್ಲಿಯ ಕಥೆ ತೆಗೆಯುತ್ತಿದ್ದರು. ಒಬ್ಬರಂತೂ ಭಾನುವಾರ ಬೆಳಿಗ್ಗೆ ಒಡೆದ ಸಿಂಕನ್ನೇ ಹೊತ್ತು ತಂದು ನಮ್ಮ ಬಾಗಿಲಲ್ಲಿ ಇಳಿಸಿದ್ದರು. ಆಮೇಲೆ ನನಗೆ ಬುದ್ಧಿ ಬಂತು. ಈಗ ಯಾರು ಕೇಳಿದರೂ ‘ಪೈಪುಗಳಿಗೆ ಜ್ವರ ಎಷ್ಟಿದೆ ಅಂತ ನೋಡ್ತಾರೆ’ ಎನ್ನುತ್ತೇನೆ. ಕೇಳಿದವರು ನಕ್ಕು ಸುಮ್ಮನಾಗುತ್ತಾರೆ. ಆದರೆ ನಾನು ಹೇಳಿದ್ದು ಸುಳ್ಳಲ್ಲ.

ದೊಡ್ಡ ಕಟ್ಟಡಗಳಲ್ಲಿ ನೀರು ಕಾಯಿಸುವ ಬಾಯ್ಲರ್ ಇರುತ್ತದೆ, ತಂಪು ಮಾಡುವ ಯಂತ್ರ ಇರುತ್ತದೆ. ಅಲ್ಲಿಂದ ಒಂದು ಪೈಪು ಹೊರಟು ಎಲ್ಲ ಕೋಣೆಗಳನ್ನೂ ಸುತ್ತುತ್ತದೆ, ಇನ್ನೊಂದು ಹಿಂದಿರುಗುತ್ತದೆ. ಇವರು ಒಂದಕ್ಕೆ ಹೋಗುವ ಪೈಪು, ಇನ್ನೊಂದಕ್ಕೆ ಬರುವ ಪೈಪು ಎನ್ನುತ್ತಾರೆ. ಆ ಪೈಪುಗಳ ಮೈಗೆ ಅಲ್ಲಲ್ಲಿ ಸೆನ್ಸರ್ ಕಟ್ಟುವುದು ಇವರ ಕೆಲಸ. ಸೆನ್ಸರ್ ಎಂದರೆ ಮೊಂಡು ಪೆನ್ಸಿಲಿನಷ್ಟು ಉದ್ದದ ಲೋಹದ ತುಂಡು, ಅದರ ಬಾಲಕ್ಕೊಂದು ವೈರು. ಪೈಪು ಎಷ್ಟು ಬಿಸಿಯಾಗಿದೆ ಎಂಬುದನ್ನು ಆ ವೈರು ದೂರದ ಕಂಪ್ಯೂಟರ್ ಪರದೆಗೆ ಮುಟ್ಟಿಸುತ್ತದೆ.

ಕಟ್ಟುವುದರಲ್ಲಿ ಏನು ಮಹಾ ಎಂದು ನಾನೂ ಒಂದು ಕಾಲದಲ್ಲಿ ಅಂದುಕೊಂಡಿದ್ದೆ. ಪೈಪಿನ ಬಣ್ಣ, ತುಕ್ಕು ಎಲ್ಲವನ್ನೂ ಲೋಹ ಹೊಳೆಯುವವರೆಗೆ ಉಜ್ಜಬೇಕು. ಬಿಳಿ ಪೇಸ್ಟ್ ಹಚ್ಚಿ, ಅದರ ಮೇಲೆ ಸೆನ್ಸರ್ ಒತ್ತಿ ಹಿಡಿದು, ಲೋಹದ ಪಟ್ಟಿ ಸುತ್ತಿ ಬಿಗಿಯಬೇಕು. ಆಮೇಲೆ ಮಗುವಿಗೆ ಸುತ್ತಿದ ಹಾಗೆ ದಪ್ಪನೆಯ ಹೊದಿಕೆ ಸುತ್ತಬೇಕು. ಕೂದಲೆಳೆಯಷ್ಟು ಸಂದು ಬಿಟ್ಟರೂ ಸೆನ್ಸರ್ ಪೈಪಿನ ಮಾತು ಬಿಟ್ಟು ಗಾಳಿಯ ಮಾತು ಕೇಳುತ್ತದಂತೆ. ‘ನಿಮ್ಮ ಹಾಗೇ’ ಎಂದು ನಾನು ಅಂದದ್ದುಂಟು.

ಇದಕ್ಕೆಲ್ಲ ಮೊದಲು ಇವರು ಮಾಡುವ ಕೆಲಸ ಒಂದಿದೆ. ಬೆರಳುಗಳ ಹಿಂಭಾಗವನ್ನು ಪೈಪಿಗೆ ತಾಗಿಸಿ ನೋಡುತ್ತಾರೆ. ಅಂಗೈ ಇಟ್ಟರೆ ಬಿಸಿ ತಾಗಿದಾಗ ಕೈ ಮುಚ್ಚಿಕೊಂಡು ಪೈಪನ್ನೇ ಹಿಡಿದುಬಿಡುವ ಭಯ. ಹಿಂಭಾಗವಾದರೆ ತಾನೇ ಹಿಂದೆ ಸರಿಯುತ್ತದೆ. ಇದು ಹೋಗುವ ಪೈಪು, ಇದು ಬರುವ ಪೈಪು ಎಂದು ಕೈ ಹೇಳಿದ ಮೇಲೆಯೇ ಚೀಲದಿಂದ ಸೆನ್ಸರ್ ಹೊರಗೆ ಬರುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಜಾತಿಯ ಮನುಷ್ಯ.

ಈ ಜಾತಿಯ ಮನುಷ್ಯನ ಜೊತೆ ಸಂಸಾರ ಮಾಡುವುದು ಸುಲಭವಲ್ಲ. ‘ರೀ, ಚಹಾ ಬಿಸಿ ಇದ್ಯಾ?’ ಎಂದರೆ ‘ಅರವತ್ತರ ಹತ್ರ ಇದೆ’ ಎಂಬ ಉತ್ತರ. ಸಾಮಾನು ತೆಗೆದಿಟ್ಟು ಬಾಗಿಲು ಹಾಕುವಷ್ಟರಲ್ಲಿ ಫ್ರಿಜ್ಜಿನ ಒಳಗಿನ ತಂಪು ಎಷ್ಟು ನಷ್ಟವಾಯಿತೆಂದು ಹೇಳುತ್ತಾರೆ. ನನಗೆ ಸಿಟ್ಟು ಬಂದಾಗ ನನ್ನ ಹಣೆಯ ಹತ್ತಿರ ಕೈ ತಂದು ‘ಕುದಿಯೋಕೆ ಇನ್ನೂ ಸ್ವಲ್ಪ ಬಾಕಿ’ ಎನ್ನುತ್ತಾರೆ. ಜೊತೆಯ ಕೆಲಸಗಾರರು ಇವರನ್ನು ‘ಡಿಗ್ರಿ’ ಎಂದೇ ಕರೆಯುವುದು. ಕಾಲೇಜಿನ ಮೆಟ್ಟಿಲು ಹತ್ತದೆಯೇ ಸಿಕ್ಕ ಡಿಗ್ರಿ ಎಂದು ಇವರೇ ನಗುತ್ತಾರೆ.

ಈ ವಿದ್ಯೆಯನ್ನೆಲ್ಲ ಇವರಿಗೆ ಕಲಿಸಿದವರು ಇವರ ಅಣ್ಣ, ನನ್ನ ಭಾವ. ಅಪ್ಪ ಅಮ್ಮ ಬೇಗ ಹೋದರು. ಭಾವ ಓದು ಬಿಟ್ಟು ಆಸ್ಪತ್ರೆಯ ಬಾಯ್ಲರ್ ಮನೆಗೆ ಸೇರಿಕೊಂಡು ತಮ್ಮನನ್ನು ಸಾಕಿದರು. ಶಾಲೆ ಬಿಟ್ಟ ಮೇಲೆ ಇವರು ಓಡುತ್ತಿದ್ದದ್ದು ಅಲ್ಲಿಗೇ. ಬೆರಳಿನ ಹಿಂಭಾಗ ತಾಗಿಸುವುದನ್ನು ಕಲಿತದ್ದೂ ಅಲ್ಲೇ. ಇವರು ಬೆಳೆದು ಬೇರೆ ಕಂಪನಿ ಸೇರಿದರು, ಭಾವ ಅದೇ ಬಾಯ್ಲರಿನ ಜೊತೆ ಉಳಿದರು. ನಮ್ಮ ಎರಡು ಮನೆಗಳ ನಡುವೆ ಒಂದೇ ಗೋಡೆ. ನನ್ನ ಓರಗಿತ್ತಿಯನ್ನು ನಾನು ಅಕ್ಕ ಎಂದೇ ಕರೆಯುವುದು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ನನಗೆ ಕೆಲಸ ಕೊಡಿಸಿದವರೂ ಭಾವನೇ. ಅವರು ನೀರು ಕಾಯಿಸಿ ಕಳಿಸುತ್ತಾರೆ, ನಾನು ಆ ನೀರಿನಲ್ಲಿ ಹಾಸಿಗೆಯ ಚಾದರ ಒಗೆಯುತ್ತೇನೆ. ಒಟ್ಟಿನಲ್ಲಿ ನಮ್ಮ ಕುಟುಂಬದ ಅನ್ನವೆಲ್ಲ ಬಿಸಿನೀರಿನಲ್ಲೇ ಬೆಂದದ್ದು.

ಹೀಗಿರುವಾಗ ಆಸ್ಪತ್ರೆಯ ಬಿಸಿನೀರಿನ ಪೈಪುಗಳಿಗೆಲ್ಲ ಸೆನ್ಸರ್ ಹಾಕಿಸುತ್ತಾರೆ ಎಂಬ ಸುದ್ದಿ ಬಂತು. ಕೆಲಸ ಸಿಕ್ಕಿದ್ದು ಇವರ ಕಂಪನಿಗೆ, ಹಾಕಬೇಕಾದವರು ಇವರೇ.

ಭಾವನ ಕೆಲಸದಲ್ಲಿ ಅರ್ಧ ಪಾಲು ಸುತ್ತಾಟ. ಬೆಳಿಗ್ಗೆ ಎದ್ದು ಪೈಪುಗಳ ಮೇಲೆ ಕೈ ಇಡುತ್ತಾ ವಾರ್ಡಿನಿಂದ ವಾರ್ಡಿಗೆ ಹೋಗುತ್ತಾರೆ. ಮಕ್ಕಳ ವಾರ್ಡಿನ ಸ್ನಾನದ ಮನೆಯಲ್ಲಿ ಬಿಸಿನೀರು ತಣ್ಣೀರು ಬೆರೆಸುವ ವಾಲ್ವನ್ನು ತಿರುಗಿಸಿ, ಕೈ ಅದ್ದಿ ನೋಡಿ ‘ಸರಿ ಇದೆ’ ಎನ್ನುತ್ತಾರೆ. ಅವರು ಹಾಗೆ ಅಂದ ಮೇಲೆಯೇ ಮಕ್ಕಳಿಗೆ ಸ್ನಾನ. ಸೆನ್ಸರ್ ಬಂದರೆ ಈ ಸುತ್ತಾಟ ಯಾರಿಗೆ ಬೇಕು? ಸುತ್ತಾಟ ಬೇಡವಾದರೆ ಸುತ್ತುವವರು ಯಾಕೆ ಬೇಕು?

ನಮ್ಮ ವಿಭಾಗದಲ್ಲಿ ಇಸ್ತ್ರಿ ಮಾಡುವ ಹೆಂಗಸಿನ ಬಾಯಿ ಇಸ್ತ್ರಿಪೆಟ್ಟಿಗೆಗಿಂತ ಬಿಸಿ. ‘ಅಣ್ಣ ತುತ್ತು ಕೊಟ್ಟು ಸಾಕಿದ, ತಮ್ಮ ಈಗ ಅಣ್ಣನ ತಟ್ಟೆಗೇ ಕೈ ಹಾಕ್ತಾನೆ. ಉಂಡ ಮನೆ ಗಳ ಎಣಿಸೋದು ಅಂದ್ರೆ ಇದೇ ನೋಡು’ ಎಂದು ನನಗೆ ಕೇಳುವ ಹಾಗೆಯೇ ಹೇಳಿದಳು. ನಾನೂ ಸುಮ್ಮನಿರುವವಳಲ್ಲ. ‘ನಿನ್ನ ಮನೆ ತೂತು ಮೊದಲು ಮುಚ್ಚಿಕೋ’ ಎಂದೆ. ಆದರೂ ಆ ಮಾತು ಗಂಟಲಲ್ಲಿ ಸಿಕ್ಕ ಮುಳ್ಳಿನಂತೆ ಅಲ್ಲೇ ಉಳಿಯಿತು.

ಇವರಿಗೂ ಅದೇ ಸಂಕಟ. ಒಪ್ಪಿದರೆ ಅಣ್ಣನ ಕೆಲಸಕ್ಕೆ ಕುತ್ತು, ಒಲ್ಲೆ ಎಂದರೆ ಬೇರೆ ಯಾರೋ ಬಂದು ಅದನ್ನೇ ಮಾಡುತ್ತಾರೆ. ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೊನೆಗೆ ಬೇರೆಯವರನ್ನು ಕಳಿಸಿ ಎಂದು ಕಂಪನಿಯಲ್ಲಿ ಹೇಳಿ ಬಂದರು. ಅದು ಭಾವನ ಕಿವಿಗೆ ಬಿತ್ತು. ಸಂಜೆ ನಮ್ಮ ಮನೆಗೆ ಬಂದರು. ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ.

‘ಏನೋ, ಬೇರೆಯವರನ್ನ ಕಳಿಸ್ತೀಯಂತೆ?’

‘ಅಣ್ಣ, ನಾನು ಹೇಗೆ...’

‘ನೀನೇ ಬರಬೇಕು. ಬೇರೆಯವರು ಪೈಪಿಗೆ ದಾರ ಕಟ್ಟಿದ ಹಾಗೆ ಕಟ್ಟಿ ಹೋಗ್ತಾರೆ.’

‘ಆಮೇಲೆ ನಿನ್ನ ಕೆಲಸದ ಗತಿ?’

‘ನನ್ನ ಕೆಲಸದ ಚಿಂತೆ ನಿನಗ್ಯಾಕೆ? ನಿನ್ನ ಕೆಲಸ ನೆಟ್ಟಗೆ ಮಾಡು, ಸಾಕು.’

ಅಷ್ಟು ಹೇಳಿ ಹೊರಟೇಹೋದರು. ಇದು ಕೋಪದ ಮಾತು ಎಂದೇ ನಾವಿಬ್ಬರೂ ತಿಳಿದೆವು. ಮರುದಿನ ಅಕ್ಕನನ್ನು ಕೇಳಿದೆ. ‘ನನ್ನ ಹತ್ರಾನೂ ಮಾತಿಲ್ಲ ಕಣೆ. ಬಾಯಿಗೆ ಬೀಗ ಹಾಕ್ಕೊಂಡು ಕೂತಿರ್ತಾರೆ’ ಎಂದಳು ಅವಳು. ನನಗೆ ಭಾವನ ಮೇಲೆ ಸಿಟ್ಟು ಬಂತು. ಬೇಡ ಅನ್ನುವುದಾದರೆ ಬಾಯಿಬಿಟ್ಟು ಬೇಡ ಅನ್ನಲಿ. ಬಾ ಎಂದು ಕರೆದು ಮುಖ ಊದಿಸಿಕೊಂಡರೆ ಹೇಗೆ?

ಕೆಲಸ ಶುರುವಾಯಿತು. ಭಾವ ದಿನವೂ ತಮ್ಮನ ಜೊತೆಗೇ ಇದ್ದರು. ಹಳೆಯ ಹೊದಿಕೆ ಕೊಯ್ದು ಪೈಪು ಬಯಲು ಮಾಡಿಕೊಡುವುದು, ಉಜ್ಜಿ ಕೊಡುವುದು, ಸೆನ್ಸರ್ ಒತ್ತಿ ಹಿಡಿದುಕೊಳ್ಳುವುದು, ಎಲ್ಲವನ್ನೂ ಮಾಡಿದರು. ಇವರು ಕೈಗವಸು ಹಾಕಿಕೊಂಡರೆ ಭಾವ ಬರಿಗೈ, ಹೋಗುವ ಪೈಪಾದರೆ ಮಾತ್ರ ಹತ್ತಿಯ ಚಿಂದಿ ಮಡಚಿ ಅದರಿಂದ ಒತ್ತುತ್ತಿದ್ದರು. ‘ಕೈಗವಸು ಹಾಕಿದ್ರೆ ಪೈಪು ನನ್ನ ಹತ್ರ ಮಾತಾಡಲ್ಲ’ ಎನ್ನುವುದು ಅವರ ಹಳೆಯ ಜಂಬ. ಅಣ್ಣ ತಮ್ಮ ಇಬ್ಬರೂ ಪೈಪಿನ ವಿಷಯ ಬಿಟ್ಟರೆ ಬೇರೆ ಮಾತಾಡುತ್ತಿರಲಿಲ್ಲ. ಇವರು ಸಂಜೆ ಮನೆಗೆ ಬಂದು ಗೋಡೆ ನೋಡುತ್ತಾ ಕೂರುತ್ತಿದ್ದರು. ಆ ಗೋಡೆಯ ಆಚೆ ಭಾವನೂ ಹಾಗೇ ಕೂತಿರುತ್ತಾರೆಂದು ನನಗೆ ಗೊತ್ತಿತ್ತು.

ಕೊನೆಗೆ ಉಳಿದದ್ದು ಮಕ್ಕಳ ವಾರ್ಡಿನ ಜೋಡಿ ಪೈಪು. ಉಳಿದವೆಲ್ಲ ಭಾವನಿಗೆ ಹಳೆಯ ಪರಿಚಯ, ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ. ಇವೆರಡು ಮಾತ್ರ ಇತ್ತೀಚಿನ ದುರಸ್ತಿಯಲ್ಲಿ ಹೊಸದಾಗಿ ಎಳೆದವು. ಅಕ್ಕಪಕ್ಕ, ಒಂದೇ ದಪ್ಪ, ನೀರು ಹರಿಯುವ ದಿಕ್ಕು ತೋರಿಸುವ ಬಾಣದ ಗುರುತೆಲ್ಲ ಮುಚ್ಚಿಹೋಗುವಂತೆ ಬಳಿದ ಒಂದೇ ಬಿಳಿ ಬಣ್ಣ. ಹೋಗುವ ಪೈಪಿನ ಸೆನ್ಸರಿಗೆ ಇಲ್ಲೊಂದು ಹೆಚ್ಚಿನ ಜವಾಬ್ದಾರಿ ಇತ್ತು. ನೀರಿನ ಬಿಸಿ ಗೆರೆ ದಾಟಿದರೆ ಅದು ಹೇಳಬೇಕು, ವಾಲ್ವು ತಾನೇ ಮುಚ್ಚಿಕೊಳ್ಳಬೇಕು. ಸೆನ್ಸರ್ ತಪ್ಪು ಪೈಪಿನ ಮೇಲೆ ಕೂತರೆ ವಾಲ್ವು ತಪ್ಪು ಪೈಪನ್ನೇ ಕಾಯುತ್ತಿರುತ್ತದೆ, ಮಕ್ಕಳ ಮೇಲೆ ಸುಡುನೀರು ಬಿದ್ದರೂ ಅದಕ್ಕೆ ತಿಳಿಯುವುದಿಲ್ಲ.

ಆ ದಿನ ಬೆಳಿಗ್ಗೆ ಇವರ ಕೆಲಸಕ್ಕಾಗಿ ನಮ್ಮ ವಿಭಾಗಕ್ಕೆ ಬರುವ ಬಿಸಿನೀರನ್ನು ನಿಲ್ಲಿಸಿದ್ದರು. ಒಗೆಯದ ಚಾದರಗಳು ಬೆಟ್ಟದಂತೆ ಬಿದ್ದಿದ್ದವು. ಯಾವಾಗ ಬಿಡುತ್ತೀರಿ ಎಂದು ಕೇಳಲು ನಾನು ಬಾಯ್ಲರ್ ಮನೆಗೆ ಹೋದೆ. ಒಳಗೆಲ್ಲ ಕಾವು, ಉಸಿರು ಬಿಗಿಯುವಂತಿತ್ತು. ಭಾವ ಎರಡೂ ಪೈಪುಗಳ ಹೊದಿಕೆ ಕೊಯ್ದು ಒಂದೊಂದು ಗೇಣು ಬಯಲು ಮಾಡಿ ಉಜ್ಜಿಟ್ಟಿದ್ದರು.

‘ಇದು ಬರೋ ಪೈಪು’ ಎಂದು ಎಡಗಡೆಯದರ ಮೇಲೆ ಸೆನ್ಸರ್ ಇಟ್ಟು ಬೆರಳಿನಿಂದ ಒತ್ತಿ ಹಿಡಿದರು.

ಇವರು ಪಟ್ಟಿ ಸುತ್ತಿ ತಿರುಪು ಬಿಗಿಯತೊಡಗಿದರು. ಅಷ್ಟು ಹೊತ್ತೂ ಭಾವನ ಹೆಬ್ಬೆರಳು, ಪಕ್ಕದ ಎರಡು ಬೆರಳು ಬಯಲಾದ ಲೋಹದ ಮೇಲೆ ಆರಾಮವಾಗಿ ಕೂತಿದ್ದವು. ನನ್ನನ್ನು ನೋಡಿ ‘ಬಂದೆ ಇರಮ್ಮ, ನಿನ್ನ ಚಾದರಗಳೇನು ಓಡಿಹೋಗಲ್ಲ’ ಎಂದರು. ಎಷ್ಟೋ ದಿನದ ಮೇಲೆ ಅವರ ಬಾಯಲ್ಲಿ ಒಂದು ತಮಾಷೆ ಬಂದದ್ದು ಕೇಳಿ ನನಗೆ ಹಿತವಾಯಿತು. ಬಲಗಡೆಯ ಪೈಪಿಗೂ ಸೆನ್ಸರ್ ಕೂತಿತು. ಇವರು ಕೈಗವಸು ತೆಗೆದು ಬೆರಳು ತಾಗಿಸಿ ನೋಡಲಿಲ್ಲ. ಅಣ್ಣನ ಕೈಯೇ ಪೈಪಿನ ಮೇಲಿರುವಾಗ ತಾವು ಮುಟ್ಟಿ ನೋಡುವುದೇನು ಎಂದುಕೊಂಡರೋ ಏನೋ. ಬರುವ ಪೈಪು ಉಗುರುಬೆಚ್ಚಗಿರುತ್ತದೆ. ಭಾವ ಅಷ್ಟು ನಿರಾಳವಾಗಿ ಹಿಡಿದಿದ್ದಾರೆ ಎಂದ ಮೇಲೆ ಅದು ಬರುವ ಪೈಪೇ.

ಪಕ್ಕದ ಕೋಣೆಯಲ್ಲಿ ಪರದೆ ಇತ್ತು. ಇವರು ಹೋಗಿ ನೋಡಿದರು. ಹೋಗುವ ಪೈಪು ಮೂವತ್ತೆಂಟು, ಬರುವ ಪೈಪು ಎಪ್ಪತ್ತು. ‘ವೈರು ಅದಲುಬದಲಾಗಿರಬೇಕು’ ಎಂದು ಗೊಣಗಿಕೊಂಡು ಒಂದೊಂದೇ ವೈರು ಹಿಡಿದು ಪರೀಕ್ಷೆ ಮಾಡಿದರು. ಎಲ್ಲ ಸರಿ ಇತ್ತು. ‘ಹಾಗಾದ್ರೆ ಸೆನ್ಸರೇ ಕೆಟ್ಟಿದೆ’ ಎಂದು ಬೇರೆ ಸೆನ್ಸರ್ ಹಿಡಿದುಕೊಂಡು ಬಂದರು. ವೈರನ್ನು ಅನುಮಾನಿಸಿದರು, ಸೆನ್ಸರನ್ನು ಅನುಮಾನಿಸಿದರು. ಅಣ್ಣನ ಕೈಯನ್ನು ಅನುಮಾನಿಸುವುದು ಇವರಿಗೆ ಹೊಳೆಯಲೇ ಇಲ್ಲ.

ಹಳೆಯ ಸೆನ್ಸರ್ ಬಿಚ್ಚುವ ಮೊದಲು ಕೈಗವಸು ತೆಗೆದು ಎಡಗಡೆಯ ಪೈಪಿಗೆ ಬೆರಳಿನ ಹಿಂಭಾಗ ತಾಗಿಸಿದರು. ತಾಗಿಸಿದ್ದೇ ತಡ, ‘ಸ್’ ಎಂದು ಕೈ ಹಿಂದಕ್ಕೆ ಎಳೆದುಕೊಂಡರು. ಪೈಪು ನೋಡಿದರು. ಆಮೇಲೆ ಭಾವನ ಕಡೆ ತಿರುಗಿದರು.

‘ಅಣ್ಣ, ಕೈ ತೋರಿಸು.’

ಭಾವ ಹತ್ತಿಯ ಚಿಂದಿಯಲ್ಲಿ ಕೈ ಒರೆಸುತ್ತಿದ್ದವರು ಅದನ್ನು ಬೆನ್ನ ಹಿಂದೆ ಇಟ್ಟುಕೊಂಡರು. ನಾನು ಹೋಗಿ ಆ ಕೈ ಎಳೆದು ನೋಡಿದೆ. ಹೆಬ್ಬೆರಳು ಮತ್ತು ಎರಡು ಬೆರಳ ತುದಿ ಬೆಂದು ಬೆಳ್ಳಗಾಗಿ ಬೊಬ್ಬೆ ಏಳುತ್ತಿತ್ತು. ನೋಡಿದ ನನಗೇ ಚರ್ಮ ಚುರುಗುಟ್ಟಿತು. ಭಾವ ಮಾತ್ರ ಬೇರೆ ಯಾರದೋ ಕೈ ನೋಡಿದ ಹಾಗೆ ನೋಡುತ್ತಿದ್ದರು.

‘ಯಾವಾಗಿಂದ?’ ಇವರು ಕೇಳಿದರು.

ಭಾವ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತರು. ‘ಹೋದ ಚಳಿಗಾಲದಿಂದ. ಮೊದಲು ಬೆರಳ ತುದಿ ಜೋಮು ಹಿಡಿದ ಹಾಗೆ ಆಗ್ತಿತ್ತು. ಆಮೇಲೆ ಬಿಸಿ ಯಾವುದು, ತಣ್ಣಗಿರೋದು ಯಾವುದು, ಒಂದೂ ಗೊತ್ತಾಗದೆ ಹೋಯ್ತು. ಹಳೇ ಪೈಪೆಲ್ಲ ಎಲ್ಲಿ ಹೋಗುತ್ತೆ, ಎಲ್ಲಿಂದ ಬರುತ್ತೆ ಗೊತ್ತಲ್ಲ, ಹೇಗೋ ನಡೆದುಹೋಯ್ತು. ಇವೆರಡು ಹೊಸವು. ಊಹೆ ಮೇಲೆ ಹೇಳ್ದೆ.’

‘ಊಹೆ ಮೇಲೆ!’ ಎಂದು ನಾನು ಬಾಯಿ ಹಾಕಿದೆ. ಇವರು ಸುಮ್ಮನಿರು ಎಂದು ಕಣ್ಣಿನಲ್ಲೇ ಹೇಳಿದರು.

ಭಾವ ತಲೆ ಎತ್ತದೆ ಮುಂದುವರಿಸಿದರು. ‘ಒಂದು ದಿನ ಮಕ್ಕಳ ವಾರ್ಡಲ್ಲಿ ನೀರಿಗೆ ಕೈ ಅದ್ದಿ ಸರಿ ಇದೆ ಅಂದೆ. ನರ್ಸಮ್ಮ ಮಗುನ ಇಳಿಸೋಕೆ ಮೊದಲು ಯಾಕೋ ತಾವೂ ಮೊಣಕೈ ಅದ್ದಿ ನೋಡಿದ್ರು. ಕಿರುಚಿಬಿಟ್ರು. ಮಗು ಅವರ ಕಂಕುಳಲ್ಲೇ ಇತ್ತು. ಅವರು ನೋಡದೇ ಇದ್ದಿದ್ರೆ...’ ಭಾವ ತಮ್ಮ ಬೆರಳುಗಳನ್ನು ನೋಡಿಕೊಂಡರು. ‘ವಾಲ್ವು ಕೆಟ್ಟಿದೆ ಅಂತ ಸುಳ್ಳು ಹೇಳ್ದೆ. ಅವತ್ತಿಂದ ನರ್ಸಮ್ಮನ ಕೈಲೂ ನೋಡಿಸದೆ ಒಂದು ದಿನಾನೂ ನೀರು ಬಿಟ್ಟಿಲ್ಲ. ಅವತ್ತೇ ಮ್ಯಾನೇಜರ್ ಹತ್ರ ಹೋಗಿ, ಪೈಪಿಗೆಲ್ಲ ಸೆನ್ಸರ್ ಹಾಕಿಸಿ ಅಂದೆ. ನನ್ನ ತಮ್ಮನೇ ಹಾಕಬೇಕು ಅಂದೆ.’

ಸೆನ್ಸರ್ ತರಿಸಿದವರೇ ಭಾವ! ನಾವು ಇಷ್ಟು ದಿನ ಯಾವುದನ್ನು ಅವರ ಹೊಟ್ಟೆಯ ಮೇಲೆ ಬೀಳುವ ಹೊಡೆತ ಎಂದು ಹೆದರಿದ್ದೆವೋ ಅದನ್ನು ಅವರೇ ಕೇಳಿ ತರಿಸಿದ್ದರು.

‘ನನಗೊಂದು ಮಾತು ಹೇಳಬಾರದಿತ್ತಾ ಅಣ್ಣ?’ ಎಂದರು ಇವರು.

‘ಹೇಗೋ ಹೇಳ್ಲಿ? ಬೆರಳ ಹಿಂಭಾಗ ಇಟ್ಟು ನೋಡೋ ಅಂತ ನಿನಗೆ ಹೇಳಿಕೊಟ್ಟೋನು ನಾನು.’

ನನಗೆ ಅಳುವೂ ಬಂತು, ಕೋಪವೂ ಬಂತು. ಕೋಪವೇ ಮೊದಲು ಹೊರಗೆ ಬಿತ್ತು. ‘ನಾಚಿಕೆ ದೊಡ್ಡದಾಯ್ತಾ ಭಾವ ನಿಮಗೆ? ಮೆಟ್ಟಿಲು ಹತ್ತಿದ್ರೆ ಡಾಕ್ಟರು, ಇಳಿದ್ರೆ ಡಾಕ್ಟರು. ದೀಪದ ಬುಡದಲ್ಲೇ ಕತ್ತಲು ಅನ್ನೋದು ನಿಮ್ಮನ್ನ ನೋಡೇ ಹೇಳಿರಬೇಕು. ಏಳಿ ಮೇಲೆ’ ಎಂದು ಗದರಿಸಿದೆ. ಭಾವನಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಅವರು ಎದ್ದು ನನ್ನ ಹಿಂದೆ ಬಂದರು.

ಡಾಕ್ಟರಮ್ಮ ಸುಟ್ಟ ಬೆರಳಿಗೆ ಮುಲಾಮು ಹಚ್ಚಿ ಬಟ್ಟೆ ಕಟ್ಟಿದರು, ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಕಾಯಿಲೆ ಯಾವಾಗಲೋ ಬಂದು ಒಳಗೊಳಗೇ ನರಗಳನ್ನು ತಿಂದಿತ್ತು. ಇನ್ನು ಮುಂದೆ ಕೆಡದಂತೆ ನೋಡಿಕೊಳ್ಳಬಹುದು, ಹೋದದ್ದು ಪೂರ್ತಿ ಮರಳುತ್ತದೆ ಎಂದು ಹೇಳಲಾರೆ ಎಂದರು. ಅಕ್ಕನಿಗೆ ಫೋನು ಮಾಡಿದೆ. ಅವಳು ಬಂದು ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಇಷ್ಟು ದಿನ ಗಂಡನ ಬಾಯಿಗೆ ಬಿದ್ದಿದ್ದ ಬೀಗಕ್ಕೆ ಕಾರಣ ಸಿಕ್ಕಿದ ಸಮಾಧಾನವೂ ಅವಳ ಮುಖದಲ್ಲಿ ಇತ್ತು ಎಂದು ನನಗನ್ನಿಸಿತು.

‘ಮ್ಯಾನೇಜರಿಗೆ ನೀನೇ ಹೇಳಿಬಿಡೋ’ ಎಂದರು ಭಾವ.

‘ನೀನೇ ಹೇಳು ಅಣ್ಣ. ನಾನು ಪಕ್ಕದಲ್ಲಿ ನಿಂತಿರ್ತೀನಿ’ ಎಂದರು ಇವರು.

ಹಾಗೇ ಆಯಿತು. ವಾಲ್ವಿನ ಸುಳ್ಳನ್ನೂ ಸೇರಿಸಿ ಭಾವ ಎಲ್ಲವನ್ನೂ ಹೇಳಿದರು. ಆ ಸುಳ್ಳು ಹೇಳಬಾರದಿತ್ತು ಎಂದರು ಮ್ಯಾನೇಜರ್, ಎರಡು ಸಲ ಎಂದರು. ಆಮೇಲೆ, ಪರದೆ ನೋಡಿಕೊಂಡು ಯಾವ ಪೈಪಿಗೆ ಏನಾಯಿತು ಎಂದು ಹೇಳುವವರು ಒಬ್ಬರು ಬೇಕು, ಆ ಕುರ್ಚಿಯಲ್ಲಿ ಕೂರಿ, ಆದರೆ ಇನ್ನು ಮುಂದೆ ಪೈಪಿಗೆ ಕೈ ಹಚ್ಚುವ ಹಾಗಿಲ್ಲ, ವಾರ್ಡಿನ ಸುತ್ತಾಟ ಇನ್ನೊಬ್ಬರಿಗೆ ಎಂದರು. ಕೆಲಸ ಉಳಿಯಿತು. ಬೆಳಗಿನ ಸುತ್ತಾಟ ಹೋಯಿತು. ಮಕ್ಕಳ ವಾರ್ಡಿಗೆ ಹೋಗುವುದೆಂದರೆ ಭಾವನಿಗೆ ಪ್ರಾಣ. ಆದರೂ ‘ಆಗಲಿ’ ಎಂದು ತಲೆಯಾಡಿಸಿದರು.

ಮಧ್ಯಾಹ್ನ ಇವರು ಎರಡೂ ಸೆನ್ಸರ್ ಬಿಚ್ಚಿದರು. ಎರಡು ಪೈಪಿಗೂ ಬೆರಳು ತಾಗಿಸಿ ನೋಡಿ, ಮತ್ತೆ ಪೇಸ್ಟ್ ಹಚ್ಚಿ, ಅದಲುಬದಲು ಮಾಡಿ ಕಟ್ಟಿದರು. ಭಾವ ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು ಪಕ್ಕದಲ್ಲಿ ನಿಂತು ‘ಇನ್ನೊಂದು ಸುತ್ತು ಬಿಗಿ’ ಎಂದು ಹೇಳುತ್ತಿದ್ದರು. ಹೇಳದಿದ್ದರೂ ಇವರು ಬಿಗಿಯುತ್ತಿದ್ದರು, ಆದರೂ ಹೇಳಿದಾಗಲೆಲ್ಲ ‘ಹೂಂ ಅಣ್ಣ’ ಎಂದರು.

ಕೊನೆಗೆ ಮಕ್ಕಳ ವಾರ್ಡಿನ ಸ್ನಾನದ ಮನೆಗೆ ಎಲ್ಲರೂ ಹೋದೆವು. ನನ್ನ ಕೈಯಲ್ಲಿ ಒಗೆದ ಟವೆಲ್ಲುಗಳಿದ್ದವು. ನರ್ಸಮ್ಮ ನಲ್ಲಿ ಬಿಟ್ಟರು. ಗೋಡೆಯ ಮೇಲಿನ ಪುಟ್ಟ ಪರದೆಯಲ್ಲಿ ಅಂಕಿ ಏರಿ ಒಂದು ಕಡೆ ನಿಂತಿತು. ‘ಸರಿಯಾಗಿದೆ’ ಎಂದ ಮೇಲೂ ಅವರು ಮೊಣಕೈ ಅದ್ದಿ ನೋಡಿದರು. ಭಾವ ಪರದೆಯ ಕಡೆ ನೋಡಲಿಲ್ಲ. ಅವರ ಕಣ್ಣು ತೊಟ್ಟಿಯಲ್ಲಿ ತುಂಬುತ್ತಿದ್ದ ನೀರಿನ ಮೇಲಿತ್ತು.

‘ನೀನೊಂದು ಸಲ ಕೈ ಅದ್ದಿ ನೋಡೋ’ ಎಂದರು ತಮ್ಮನಿಗೆ.

ಇವರು ತೋಳು ಮಡಚಿ ನೀರಿಗೆ ಕೈ ಇಳಿಸಿದರು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದರು.

‘ಹೇಗಿದೆಯೋ?’

‘ಚಿಕ್ಕವನಿದ್ದಾಗ ನೀನು ನನಗೆ ಸ್ನಾನ ಮಾಡಿಸ್ತಿದ್ಯಲ್ಲ ಅಣ್ಣ, ಹಾಗಿದೆ.’

ಭಾವ ಕಿಟಕಿಯ ಕಡೆ ತಿರುಗಿದರು. ಒಳ್ಳೆಯ ಕೈಯಿಂದ ಮುಖ ಒರೆಸಿಕೊಂಡರು.

‘ಹಾಗಾದ್ರೆ ಸರಿ ಇದೆ. ಮಗುನ ಕರ್ಕೊಂಡು ಬನ್ನಿ’ ಎಂದು ನರ್ಸಮ್ಮನಿಗೆ ಹೇಳಿದರು.